ಚಂದ್ರ ಬೀಳುವ ಲೆನ್ಸು

ಆ ಲೆನ್ಸಿನ ಹಿಂದಿನ ಗಾಜಿನ ಅಂಚಿನಲ್ಲಿ, ಕತ್ತರಿಸಿ ಬಿಸಾಕಿದ ಉಗುರಿನಷ್ಟು ಗಾತ್ರದ ಚೂರೊಂದು ಹಾರಿಹೋಗಿತ್ತು. ಹಿತ್ತಾಳೆಯ ಕೊಳವೆಯೊಳಗೆ ಕೂತ ಜರ್ಮನ್ ಗಾಜು. ವಯಸ್ಸಿನಲ್ಲಿ ನನ್ನ ಅಜ್ಜನಿಗಿಂತ ಹಿರಿಯದೇ ಇದ್ದೀತು. ಕೆ.ಆರ್. ನಗರದಲ್ಲಿ ಎಂದೋ ಮುಚ್ಚಿಹೋದ ಸ್ಟುಡಿಯೊ ಒಂದರ ಅಟ್ಟದಿಂದ, ಮರದ ದೊಡ್ಡ ಕ್ಯಾಮೆರಾ ಸಮೇತ ನನ್ನ ಕೈಗೆ ಬಂದಿತ್ತು. ಸ್ಟುಡಿಯೊ ನಡೆಸುತ್ತಿದ್ದ ಹಿರಿಯರು ತೀರಿಕೊಂಡು ವರ್ಷಗಳಾಗಿದ್ದವು. ಅವರ ಮಗ ಅಟ್ಟ ಖಾಲಿ ಮಾಡುವಾಗ, ಹಳೇ ಕ್ಯಾಮೆರಾ ಅಂದರೆ ಜೀವ ಬಿಡುವ ಹುಚ್ಚನೊಬ್ಬ ಹುಣಸೂರಿನಲ್ಲಿದ್ದಾನೆ ಎಂದು ಯಾರೋ ಹೇಳಿದ್ದು ನೆನಪಾಗಿ ಫೋನ್ ಮಾಡಿದ್ದರು. ಆ ಹುಚ್ಚ ನಾನೇ.

ನನ್ನ ಹೊಟ್ಟೆಪಾಡು ನಡೆಯುವುದು ಮದುವೆಮನೆಗಳಲ್ಲಿ ಡ್ರೋನ್ ಹಾರಿಸಿ, ಆಲ್ಬಮ್ ಮಾಡಿಕೊಟ್ಟು. ಹಳೇ ಕ್ಯಾಮೆರಾಗಳು ಇರುವುದು ನನ್ನ ಸಂತೋಷಕ್ಕೆ. ನನ್ನ ಹೆಂಡತಿ ಅದನ್ನು ಸಂತೋಷ ಅನ್ನುವುದಿಲ್ಲ, ಚಟ ಅನ್ನುತ್ತಾಳೆ. "ಬೇರೆಯವರ ಗಂಡಂದಿರು ಇಸ್ಪೀಟಾಡ್ತಾರೆ, ನಮ್ಮೋರು ಗಾಜು ಒರೆಸ್ತಾರೆ, ಏನೋ ನಮ್ಮ ಪುಣ್ಯ" ಎಂದು ತನ್ನ ತಾಯಿಗೆ ಫೋನಿನಲ್ಲಿ ಹೇಳುವಾಗ ನನಗೂ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಾಳೆ.

ಲೆನ್ಸಿನ ಅಂಚು ಮುರಿದಿದ್ದರೆ ಅಲ್ಲಿ ತಾಗಿದ ಬೆಳಕು ಒಳಗೇ ಚೆದುರಿ ಫೋಟೊದ ಮೇಲೆ ಕಲೆ ಬೀಳಿಸುತ್ತದೆ. ಅದಕ್ಕಿರುವ ಮದ್ದು ಮುರಿದ ಜಾಗಕ್ಕೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿಯುವುದು. ಕೊಳವೆ ಬಿಚ್ಚಿ, ಗಾಜಿಗೆ ಹತ್ತಿದ್ದ ಬೂಷ್ಟು ಒರೆಸಿ, ಎರಡೇ ಕೂದಲು ಉಳಿಸಿಕೊಂಡ ಬ್ರಷ್ಷಿನಲ್ಲಿ ಉಸಿರು ಬಿಗಿಹಿಡಿದು ಬಣ್ಣ ಬಳಿದೆ. ಒಣಗಿದ ಮೇಲೆ ಇನ್ನೊಂದು ಸಲ. ಮುರಿದದ್ದೇ ಗೊತ್ತಾಗದ ಹಾಗೆ ಆಯಿತು. ಇಷ್ಟು ಚೆಂದದ ರಿಪೇರಿ ನಾನು ಅದಕ್ಕೆ ಮುಂಚೆ ಮಾಡಿರಲಿಲ್ಲ. ಯಾರಿಗಾದರೂ ತೋರಿಸೋಣವೆಂದರೆ ನೋಡಿ ಮೆಚ್ಚುವವರು ಹುಣಸೂರಿನಲ್ಲಿ ಯಾರಿದ್ದಾರೆ?

ಇಷ್ಟಾದ ಕೆಲವು ದಿನಕ್ಕೆ, ಶಿವರಾತ್ರಿ ಇನ್ನೂ ಮುಂದಿರುವಾಗ, ಬೆಟ್ಟದಪುರದ ಕಡೆಯ ಹಳ್ಳಿಯಿಂದ ಒಬ್ಬ ಅವ್ವ ತನ್ನ ಮಗನ ಜೊತೆ ನನ್ನ ಸ್ಟುಡಿಯೊಗೆ ಬಂದರು. ಹಣೆ ತುಂಬ ವಿಭೂತಿ, ಎಡಗೆನ್ನೆಯ ಕೆಳಗೆ ಒಂದು ಊತ, ಅದನ್ನು ಆಗಾಗ ಸೆರಗಿನಲ್ಲಿ ಒತ್ತಿಕೊಳ್ಳುವ ಕೈ. ಮಗ ನನ್ನ ವಾರಿಗೆಯವನು, ಹೊಗೆಸೊಪ್ಪಿನ ಬೆಳೆಗಾರ. ಕೆ.ಆರ್. ನಗರದ ಆ ಹಳೇ ಕ್ಯಾಮೆರಾ ನನ್ನ ಹತ್ತಿರ ಇದೆಯೆಂದು ವಿಚಾರಿಸಿಕೊಂಡೇ ಬಂದಿದ್ದರು.

"ನಮ್ಮವ್ವುಂಗೆ ಒಂದ್ ಫೋಟ ಬೇಕು ಸಾ. ಗೋಡೆಗಾಕಕ್ಕೆ" ಅಂದ ಮಗ. ಆಮೇಲೆ ಅವ್ವನ ಕಡೆ ನೋಡಿದ.

ಅವ್ವನೇ ಮುಂದುವರಿಸಿದರು. "ಸೋಮಾರ ಮೈಸೂರ್ನಲ್ಲಿ ಆಪ್ರೇಸನ್ ಕಣಪ್ಪ. ದವ್ಡೆ ಒಂದ್ ಕಡೆ ತೆಗುದ್ಬುಡ್ತಾರಂತೆ. ಎಲೆ ಅಡ್ಕೆ ಜೊತೆ ಹೊಗೆಸೊಪ್ ತುಂಬ್ಕಂಡಿದ್ಕೆ ಸಿಕ್ಕಿದ್ ಉಡುಗೊರೆ. ಬದುಕ್ತೀನೋ ಇಲ್ವೋ ಅದು ಶಿವುಂಗ್ ಬುಟ್ಟಿದ್ದು. ಬದುಕುದ್ರೂ ಈ ಮೊಕ ಇರಾಕಿಲ್ಲವಲ್ಲ. ಅದ್ಕೇ ಅದ್ಕೂ ಮುಂಚೆ ಬಂದೆ."

ಕೂರಿಸಿ ನೀರು ಕೊಟ್ಟೆ. ಸುಳ್ಳೇಕೆ ಹೇಳಲಿ, ಒಳಗೊಳಗೇ ಒಂದು ಹಿಗ್ಗು. ಇಷ್ಟು ವರ್ಷದಲ್ಲಿ ಹಳೇ ಕ್ಯಾಮೆರಾದಲ್ಲೇ ತೆಗೆಯಿರಿ ಎಂದು ಕೇಳಿಕೊಂಡು ಬಂದವರು ಅವರೇ ಮೊದಲು.

ಅಷ್ಟು ದೊಡ್ಡ ಅಳತೆಯ ಫಿಲ್ಮು ಈಗ ಸುಲಭವಾಗಿ ಸಿಗುವುದಿಲ್ಲ. ನಾನು ಕಪ್ಪು-ಬಿಳುಪು ಪ್ರಿಂಟ್ ಹಾಕುವ ಕಾಗದವನ್ನೇ ಫಿಲ್ಮಿನ ಜಾಗದಲ್ಲಿ ಇಟ್ಟು ತೆಗೆಯುತ್ತೇನೆ. ಕಾಗದ ಬಹಳ ನಿಧಾನಿ, ಬೆಳಕು ಹೀರಿಕೊಳ್ಳಲು ಕೆಲವು ಸೆಕೆಂಡು ಬೇಕು. ಲೆನ್ಸಿಗೆ ಶಟರ್ ಇಲ್ಲ; ಮುಚ್ಚಳ ತೆಗೆಯುವುದು, ಮನಸ್ಸಿನಲ್ಲೇ ಎಣಿಸುವುದು, ಮತ್ತೆ ಮುಚ್ಚುವುದು. ಸ್ಟುಡಿಯೊದ ದೀಪಗಳನ್ನೆಲ್ಲ ಹಚ್ಚಿ ಅವ್ವನ ಫೋಟೊ ತೆಗೆದು, ಕತ್ತಲೆ ಕೋಣೆಯಲ್ಲಿ ತೊಳೆದು, ಪ್ರಿಂಟ್ ಮಾಡಿ ತಂದುಕೊಟ್ಟೆ. ವಿಭೂತಿಯ ಮೂರು ಗೆರೆ, ಕಣ್ಣಿನ ಸುತ್ತಲಿನ ಸುಕ್ಕು, ಮೂಗುಬೊಟ್ಟು ಎಲ್ಲವೂ ಸ್ಪಷ್ಟವಾಗಿದ್ದವು.

ಅವ್ವ ಅದನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. "ಚಂದ್ರ ಎಲ್ಲಪ್ಪಾ?" ಅಂದರು.

"ಯಾವ ಚಂದ್ರ ಅವ್ವಾ?"

ಮಗ ತನ್ನ ಫೋನಿನಲ್ಲಿ ಅವರ ಮನೆಯ ಗೋಡೆಯ ಚಿತ್ರ ತೋರಿಸಿದ. ಅವ್ವನ ಮಾವ, ಅತ್ತೆ, ಗಂಡ, ಗಂಡನ ಅಣ್ಣ, ಎಲ್ಲರೂ ಸಾಲಾಗಿ ಚೌಕಟ್ಟಿನೊಳಗೆ. ದೊಡ್ಡದು ಮಾಡಿ ನೋಡಿದೆ. ಪ್ರತಿಯೊಬ್ಬರ ತಲೆಯ ಬಲಕ್ಕೆ, ಸ್ವಲ್ಪ ಮೇಲೆ, ಬೆಳ್ಳಗೆ ಒಂದು ಗೆರೆ ಬಾಗಿ ನಿಂತಿತ್ತು. ಬಿದಿಗೆಯ ಚಂದ್ರನ ಹಾಗೆ ಸಣ್ಣದು. ಎಲ್ಲ ಫೋಟೊದಲ್ಲೂ ಅದೇ ಆಕಾರ, ಅದೇ ಜಾಗ.

"ಆ ಸ್ಟುಡಿಯದಲ್ ತೆಗುಸುದ್ರೆ ಶಿವ ತನ್ ತಲೆ ಮೇಲಿನ್ ಚಂದ್ರನ್ನ ಬೀಳುಸ್ತನೆ ಅಂತಿದ್ರು" ಅಂದರು ಅವ್ವ. "ಸುತ್ತೂರ್ನೋರೆಲ್ಲ ಅಲ್ಗೇ ಓಗೋರು. ಇವ್ರೆಲ್ಲ ಓಗಿದ್ ದಿನ ನಾನು ತೌರ್ನಲ್ಲಿ ಬಾಣಂತಿ. ಇನ್ನೊಂದ್ ಸಲ ಓಗಾನ ಬುಡು ಅಂದ್ರು ನಮ್ಮೆಜಮಾನ್ರು. ಅಷ್ಟ್ರಲ್ಲಿ ಅಂಗಡೀನೇ ಮುಚ್ಚೋಯ್ತು. ಆ ಸಾಲ್ನಲ್ಲಿ ನಾನೊಬ್ಳೇ ಇಲ್ಲ."

ಆ ಚಂದ್ರ ಯಾವುದೆಂದು ನನಗೆ ಆ ಕ್ಷಣಕ್ಕೇ ಗೊತ್ತಾಯಿತು. ಕೂದಲೆಳೆ ಬ್ರಷ್ಷಿನಲ್ಲಿ ಅದರ ಮೇಲೆ ಎರಡು ಸಲ ಕಪ್ಪು ಬಳಿದವನು ನಾನೇ ತಾನೆ.

ಮಗನಿಗೆ ಅದೊಂದು ದೊಡ್ಡ ಸಮಸ್ಯೆ ಅನ್ನಿಸಲಿಲ್ಲ. "ಕಂಪ್ಯೂಟ್ರಲ್ಲಿ ಒಂದ್ ಚಂದ್ರನ್ನ ಕೂರ್ಸ್‌ಬುಡಿ ಸಾ, ಅವ್ವುಂಗೇನ್ ಗೊತ್ತಾಯ್ತದೆ" ಎಂದು ಮೆಲ್ಲಗೆ ಹೇಳಿದ. ಅವ್ವನಿಗೆ ಬಾಯಿ ಕೆಟ್ಟಿತ್ತೇ ಹೊರತು ಕಿವಿ ಕೆಟ್ಟಿರಲಿಲ್ಲ. ನಾನು ಪ್ರಿಂಟನ್ನು ಸ್ಕ್ಯಾನ್ ಮಾಡಿ, ಮಗನ ಫೋನಿನಲ್ಲಿದ್ದ ಅವರ ಗಂಡನ ಫೋಟೊದಿಂದಲೇ ಆ ಗೆರೆಯನ್ನು ಎತ್ತಿ ಇಲ್ಲಿ ಕೂರಿಸಿ ತೋರಿಸಿದೆ. ಅದು ಆಮೇಲೆ ಕೂರಿಸಿದ್ದೆಂದು ಗುರುತು ಹಿಡಿಯಲು ನನಗೇ ಸಾಧ್ಯವಿರಲಿಲ್ಲ.

ಅವ್ವ ತಲೆಯಾಡಿಸಿದರು. "ಚೆನ್ನಾಗದೆ ಕಣಪ್ಪ. ಆದ್ರೆ ಇದು ನೀನ್ ಇಟ್ಟಿದ್ದು. ಅವ್ರುಗೆ ತಾನಾಗ್ ಬಿದ್ದಿತ್ತು." ಎದ್ದು ಸೆರಗು ಸರಿಮಾಡಿಕೊಂಡರು. "ಭಾನ್ವಾರದೊಳ್ಗೆ ಆದ್ರೆ ಫೋನ್ ಮಾಡು. ಆಗ್ದಿದ್ರೆ ಬೇಜಾರ್ ಮಾಡ್ಕಬ್ಯಾಡ, ಇದುನ್ನೇ ಆಕುಸ್ಕತೀನಿ."

ಅವರು ಹೋದ ಮೇಲೆ ಬಹಳ ಹೊತ್ತು ಲೆನ್ಸನ್ನು ಕೈಯಲ್ಲಿ ಹಿಡಿದು ಕೂತೆ. ಬಣ್ಣ ತೆಗೆಯುವುದು ಬಳಿದಷ್ಟು ಸುಲಭವಲ್ಲ. ಹಿಂದಿನ ಗಾಜು ಅಂದರೆ ಎರಡು ಗಾಜುಗಳನ್ನು ಒಂದು ಬಗೆಯ ಅಂಟಿನಿಂದ ಕೂಡಿಸಿರುವುದು. ಬಣ್ಣ ಕರಗಿಸುವ ದ್ರಾವಣ ಒಂದು ಹನಿ ಅಂಚಿನಿಂದ ಒಳಗೆ ಇಳಿದರೂ ಆ ಅಂಟು ಬಿಟ್ಟುಕೊಂಡು ಗಾಜಿನ ಮಧ್ಯೆ ಮಸುಕು ಹರಡುತ್ತದೆ, ಆಮೇಲೆ ಲೆನ್ಸು ಪೇಪರ್‌ವೇಟಿಗೂ ಲಾಯಕ್ಕಿಲ್ಲ. ಕೆರೆದು ತೆಗೆಯೋಣವೆಂದರೆ ಮುರಿದ ಜಾಗದಿಂದ ಒಂದು ಸಣ್ಣ ಬಿರುಕು ಒಳಮುಖವಾಗಿ ಹೊರಟಿತ್ತು. ಒತ್ತಡ ಹೆಚ್ಚಾದರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೋ. ಸುಮ್ಮನಿದ್ದರೆ ನನ್ನ ಜೀವಮಾನದ ಅತ್ಯುತ್ತಮ ಲೆನ್ಸು ನನ್ನ ಬಳಿ ಉಳಿಯುತ್ತದೆ, ಅವ್ವನೂ ಬೇಜಾರು ಮಾಡಿಕೊಳ್ಳುವುದಿಲ್ಲವೆಂದು ಹೇಳಿಯೇ ಹೋಗಿದ್ದಾರೆ. ಆದರೆ ಸೋಮವಾರ ಆದ ಮೇಲೆ ಆ ಮುಖ ಯಾವ ಲೆನ್ಸಿಗೂ ಸಿಗುವುದಿಲ್ಲ. ಲೆನ್ಸು ಹೋದರೆ ಹೋಗಲಿ ಎಂದು ನಿರ್ಧಾರ ಮಾಡಿದೆ.

ಹೆಂಡತಿ ಕಾಫಿ ತಂದಿಟ್ಟು ನೋಡಿದಳು. "ಮೊನ್ನೆ ತಪಸ್ಸು ಮಾಡಿ ಬಳಿದದ್ದನ್ನ ಇವತ್ತು ತಪಸ್ಸು ಮಾಡಿ ತೆಗೀತೀರಾ?" ಅಂದಳು. ವಿಷಯ ಹೇಳಿದೆ. ಹೋಗಿ ತನ್ನ ಡಬ್ಬಿಯಿಂದ ಉಗುರಿನ ಬಣ್ಣ ತೆಗೆಯುವ ದ್ರಾವಣ ತಂದಳು. ಬೆಂಕಿಕಡ್ಡಿಯ ತುದಿಗೆ ಒಂದೆಳೆ ಹತ್ತಿ ಸುತ್ತಿ, ಅದ್ದಿ, ಹಿಂಡಿ, ಹೆಚ್ಚುಕಡಿಮೆ ಒಣಗಿಸಿಯೇ ಮುಟ್ಟಿಸಿದೆ. ಗಾಜನ್ನು ತಲೆಕೆಳಗಾಗಿ ಹಿಡಿದಿದ್ದೆ, ಹನಿ ಇಳಿದರೂ ಹೊರಗೆ ಇಳಿಯಲಿ ಅಂತ. ಆ ದಿನ ಬಂದ ಪಾಸ್‌ಪೋರ್ಟ್ ಫೋಟೊದವರನ್ನೆಲ್ಲ ಅವಳೇ ನೋಡಿಕೊಂಡಳು. ಸಂಜೆಯ ಹೊತ್ತಿಗೆ ಮುರಿದ ಅಂಚು ಮತ್ತೆ ಮಿರಮಿರ ಹೊಳೆಯಿತು. ಅಂಟು ಗಟ್ಟಿಯಾಗಿತ್ತು, ಬಿರುಕು ಅಲ್ಲೇ ನಿಂತಿತ್ತು. ಅವತ್ತು ಆ ಬೆಂಕಿಕಡ್ಡಿಗೂ ಕೈಮುಗಿಯಬೇಕು ಅನ್ನಿಸಿತು.

ಲೆನ್ಸು ಜೋಡಿಸಿ ಹೆಂಡತಿಯನ್ನೇ ಮುಂದೆ ಕೂರಿಸಿಕೊಂಡು ಕರಿಬಟ್ಟೆಯೊಳಗೆ ತಲೆ ಹಾಕಿದೆ. ಕ್ಯಾಮೆರಾದ ಹಿಂಬದಿಯಲ್ಲಿ ಚಿತ್ರ ಮೂಡುವ ಮಂಜುಗಾಜಿನ ಮೇಲೆ ಅವಳು ತಲೆಕೆಳಗಾಗಿ ಕೂತಿದ್ದಳು. ಚಂದ್ರ ಮಾತ್ರ ಇರಲಿಲ್ಲ. ದೀಪಗಳನ್ನು ಎತ್ತಿಟ್ಟೆ, ಇಳಿಸಿಟ್ಟೆ, ಒಂದೊಂದಾಗಿ ಆರಿಸಿದೆ. ಕೊನೆಗೆ ಅವಳೇ ಬೇಸತ್ತು ಫೋನಿನ ಟಾರ್ಚನ್ನು ತಲೆಯ ಹಿಂದೆ ಎತ್ತಿ ಹಿಡಿದು "ಇಲ್ಲಿಂದ ನೋಡಿ" ಅಂದಾಗ ಗಾಜಿನ ಮೂಲೆಯಲ್ಲಿ ಒಂದು ಮಂಕು ಗೆರೆ ಮಿಂಚಿ ಮಾಯವಾಯಿತು. ಹಾಗಾದರೆ ಬೆಳಕು ಬರಬೇಕಾದದ್ದು ಕೂತವರ ಹಿಂದಿನಿಂದ, ಎತ್ತರದಿಂದ. ಎಷ್ಟು ಎತ್ತರ, ಎಷ್ಟು ಹಿಂದೆ?

ಮಾರನೆಯ ಬೆಳಿಗ್ಗೆ ಬಿಳಿಕೆರೆಯ ಮದುವೆ ಆರ್ಡರನ್ನು ಗೆಳೆಯನೊಬ್ಬನಿಗೆ ಒಪ್ಪಿಸಿ ಕೆ.ಆರ್. ನಗರಕ್ಕೆ ಹೋದೆ. ಹಿರಿಯರ ಮಗ ನನ್ನನ್ನು ಹಳೇ ಸ್ಟುಡಿಯೊ ಕೋಣೆಗೆ ಕರೆದೊಯ್ದರು. ಅದೀಗ ಗೊಬ್ಬರದ ಗೋಡೌನು, ಮೇಲೆ ಕಾಂಕ್ರೀಟು. ಚಂದ್ರನ ವಿಷಯ ಕೇಳಿದ್ದಕ್ಕೆ ಅವರಿಗೆ ನಗು ತಡೆಯಲಾಗಲಿಲ್ಲ.

"ಲೆನ್ಸು ನಮ್ಮಪ್ಪನ ಕೈಯಿಂದಲೇ ಬಿದ್ದು ಮುರೀತು ಸಾರ್. ಫೋಟೊದಲ್ಲಿ ಗೆರೆ ಬೀಳೋಕೆ ಶುರುವಾದಾಗ ಅಂಗಡಿ ಮುಚ್ಚಬೇಕಾಗುತ್ತೆ ಅಂತ ಅಳೋದೊಂದು ಬಾಕಿ. ಅಷ್ಟರಲ್ಲಿ ಯಾರೋ ಒಬ್ಬರು ತಟ್ಟೇಲಿ ಹಣ್ಣು ಕಾಯಿ ಇಟ್ಕೊಂಡು ಬಂದು, ‘ನಮ್ಮ ತಂದೆ ತಲೆ ಮೇಲೆ ಚಂದ್ರ ಬಿದ್ದವನೆ, ನಮಗೂ ತೆಗೀರಿ’ ಅಂದ್ರಂತೆ. ನಮ್ಮಪ್ಪ ಆಮೇಲೆ ಆ ಲೆನ್ಸು ಬದಲಾಯಿಸಲೇ ಇಲ್ಲ."

"ಶಿವ ಅಂತ ಅವರೂ ಹೇಳ್ತಿದ್ರಾ?"

"ಒಂದು ದಿನಾನೂ ಹೇಳಿದವರಲ್ಲ. ಕೇಳಿದವರಿಗೆ, ನನ್ನ ಕೈಯಲ್ಲೇನಿಲ್ಲ ಅನ್ನೋರು. ಅದು ನಿಜಾನೇ ತಾನೆ?"

ಕುರ್ಚಿ ಇರುತ್ತಿದ್ದ ಜಾಗವನ್ನು ಗೊಬ್ಬರದ ಚೀಲಗಳ ನಡುವೆ ಕಾಲಿನಲ್ಲಿ ಮುಟ್ಟಿ ತೋರಿಸಿದರು. ಆಗ ಮೇಲಿದ್ದದ್ದು ಹೆಂಚಿನ ಮಾಡು. ಕುರ್ಚಿಯ ಹಿಂದೆ ಒಂದೇ ಒಂದು ಗಾಜಿನ ಹೆಂಚು. ಅವರ ತಂದೆ ಬೆಳಗಿನ ಬಿಸಿಲು ಅದರ ಮೇಲೆ ಇರುವಷ್ಟು ಹೊತ್ತು ಮಾತ್ರ ಫೋಟೊ ತೆಗೆಯುತ್ತಿದ್ದರಂತೆ. ಮುಂದಿನ ಬೆಳಕು ಬಾಗಿಲಿನಿಂದ. ನಾನು ಅಲ್ಲೇ ನಿಂತು ಮಾಡಿನ ಎತ್ತರವನ್ನು ಕಣ್ಣಳತೆಯಲ್ಲಿ ಹಿಡಿದುಕೊಂಡೆ. ನನಗೆ ಬೇಕಾಗಿದ್ದದ್ದು ಎತ್ತರದ, ಕತ್ತಲಾದ, ಒಂದೇ ಬಾಗಿಲಿನ ಹೆಂಚಿನ ಮನೆ. ಹುಣಸೂರಿನಲ್ಲಿ ಯಾರ ಮನೆಯನ್ನು ನೆನೆದರೂ ಆರ್‌ಸಿಸಿ.

ಅವ್ವನ ಮಗನಿಗೆ ಫೋನ್ ಮಾಡಿ ಹೀಗೀಗೆ ಅಂದೆ. ಅವನು ಯೋಚನೆಯನ್ನೇ ಮಾಡಲಿಲ್ಲ. "ನಮ್ ಬ್ಯಾರನ್ ಐತಲ್ಲ ಸಾ! ಎತ್ರ ಬೇಕಾ, ಕತ್ಲೆ ಬೇಕಾ, ಒಂದೇ ಬಾಗ್ಲು. ಸೊಪ್ಪೆಲ್ಲ ಮಾರಿ ಖಾಲಿ ಒಡೀತೈತೆ. ಎಂಚು ನೀವ್ ಏಳಿದ್ ಕಡೆ ಸರುಸ್ತೀನಿ ಬನ್ನಿ."

ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು ನಮ್ಮ ಕಡೆಯವರಿಗೆ ಹೊಸತಲ್ಲ. ಕಿಟಕಿಯಿಲ್ಲದ ಎತ್ತರದ ಗೋಡೆ, ಒಳಗೆ ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ಅಡ್ಡ ಮರಗಳು, ಅವುಗಳ ಮೇಲೆ ಸೊಪ್ಪು ಕಟ್ಟಿದ ಕಡ್ಡಿಗಳನ್ನು ತೂಗುಹಾಕುತ್ತಾರೆ. ಹುಟ್ಟಿದಾಗಿನಿಂದ ನೋಡುತ್ತಿದ್ದರೂ ಅದನ್ನು ಸ್ಟುಡಿಯೊ ಎಂದು ನಾನು ಯಾವತ್ತೂ ಕಂಡಿರಲಿಲ್ಲ. ಶನಿವಾರ ಬೆಳಿಗ್ಗೆ ಹೋದಾಗ ಅವ್ವ ರೇಷ್ಮೆ ಸೀರೆಯುಟ್ಟು ಒಳಗೆ ಕುರ್ಚಿ ಹಾಕಿಸಿಕೊಂಡು ಕೂತೇ ಇದ್ದರು. ಮಗ ಅಡ್ಡ ಮರಗಳನ್ನು ಹಿಡಿದು ಸರಸರ ಮಾಡಿಗೆ ಏರಿದ. ನಾನು ಕರಿಬಟ್ಟೆಯೊಳಗಿಂದ ಕೂಗುವುದು, ಅವನು ಮೇಲಿನಿಂದ ಹೆಂಚು ಸರಿಸುವುದು.

"ಇನ್ನೊಂದು ಹಿಂದಕ್ಕೆ! ಅದಲ್ಲ, ನಿನ್ನ ಎಡಕ್ಕೆ!"

"ಎಡ ಅಂದ್ರೆ ನಿಮ್ದಾ ನಂದಾ ಸಾ?"

"ಅವ್ನು ಮೇಲವ್ನೆ, ನೀನು ಬಟ್ಟೆ ಒಳ್ಗಿದ್ದೀಯ, ಮದ್ಯ ನನ್ ಗತಿ ಏನ್ರಪ್ಪಾ" ಎಂದು ಅವ್ವ ನಕ್ಕರು. ನಕ್ಕಿದ್ದಕ್ಕೆ ನೋವಾಗಿ ದವಡೆ ಹಿಡಿದುಕೊಂಡರು.

ಇನ್ನೊಂದು ಹೆಂಚು ಸರಿಯಿತು. ಬಿಸಿಲಿನ ಕೋಲೊಂದು ಕೆಳಗಿಳಿಯಿತು. ಮಂಜುಗಾಜಿನ ಮೇಲೆ ತಲೆಕೆಳಗಾಗಿ ಕೂತಿದ್ದ ಅವ್ವನ ತಲೆಯ ಪಕ್ಕದಲ್ಲಿ, ಯಾರೋ ಸೀಮೆಸುಣ್ಣದಲ್ಲಿ ಗೀರಿದಂತೆ, ಚಂದ್ರ ಬಂದು ಕೂತ. ನನ್ನ ಕಣ್ಣು ತುಂಬಿಕೊಂಡಿತು. ಕರಿಬಟ್ಟೆಯೊಳಗೆ ಅತ್ತರೆ ಹೊರಗಿನವರಿಗೆ ಕಾಣುವುದಿಲ್ಲ, ಅದೊಂದು ಅನುಕೂಲ.

ಆದರೆ ಕೆಲಸ ಅಷ್ಟಕ್ಕೇ ಮುಗಿಯಲಿಲ್ಲ. ಮೊದಲನೆಯ ಕಾಗದಕ್ಕೆ ಮುಚ್ಚಳ ತೆಗೆದು ಎಣಿಸುತ್ತಿರುವಾಗಲೇ ಅವ್ವನ ದವಡೆ ಸೆಳೆದು ತಲೆ ಅದುರಿತು. ಎರಡನೆಯದೂ ಹಾಗೇ ಆಯಿತು. ಅಷ್ಟರಲ್ಲಿ ಬಿಸಿಲು ಸರಿದು ಚಂದ್ರ ಅಂಚಿಗೆ ಜಾರುತ್ತಿದ್ದ. ಹಿಂದೆಲ್ಲ ಸ್ಟುಡಿಯೊಗಳಲ್ಲಿ ಕೂತವರ ಕತ್ತಿನ ಹಿಂದೆ ಒಂದು ಆಸರೆ ಇಡುತ್ತಿದ್ದರು ಎಂದು ಮಗನಿಗೆ ಹೇಳಿದೆ. ಅವನು ಮೇಲಿನಿಂದ ಇಳಿದು, ಮೂಲೆಯಲ್ಲಿ ಪೇರಿಸಿದ್ದ ಸೊಪ್ಪಿನ ಕಡ್ಡಿಗಳಲ್ಲಿ ಗಟ್ಟಿಯಾದುದೊಂದನ್ನು ಆರಿಸಿ ಸೆಣಬಿನ ದಾರದಲ್ಲಿ ಕುರ್ಚಿಯ ಬೆನ್ನಿಗೆ ಬಿಗಿದ. ತನ್ನ ಹೆಗಲ ಟವೆಲನ್ನು ಸುರುಳಿ ಸುತ್ತಿ ಅದರ ತುದಿಗೆ ಕಟ್ಟಿ, ಅವ್ವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆತ್ತಗೆ ಅದರ ಮೇಲೆ ಒರಗಿಸಿದ. "ನೋಯ್ತದಾ ಅವ್ವ?" ಅಂದ. ಅಷ್ಟು ಹೊತ್ತು ದೊಡ್ಡ ದನಿಯಲ್ಲಿ ಮಾತಾಡುತ್ತಿದ್ದವನ ದನಿ ಅಲ್ಲಿ ಸಣ್ಣದಾಗಿತ್ತು.

"ಇಲ್ಲ ಕನ್ ಮಗ. ನೀನ್ ಮೇಲತ್ತು, ಬಿಸ್ಲು ಓಯ್ತದೆ."

ಅವನು ಮತ್ತೆ ಏರಿ ಹೆಂಚನ್ನು ಒಂದಿಷ್ಟು ಸರಿಸಿದ. ಚಂದ್ರ ಮತ್ತೆ ಜಾಗಕ್ಕೆ ಬಂದ. ಅವ್ವ ಕಣ್ಣು ಮಿಟುಕಿಸದೆ ಲೆನ್ಸನ್ನು ನೋಡಿದರು. ನಾನು ಮುಚ್ಚಳ ತೆಗೆದೆ. ಎಣಿಸಿದೆ. ಮುಚ್ಚಿದೆ.

ತೊಳೆಯುವ ದ್ರಾವಣಗಳನ್ನೆಲ್ಲ ಕ್ಯಾನುಗಳಲ್ಲಿ ತಂದಿದ್ದೆ. ಹುಣಸೂರಿಗೆ ಹೋಗಿ ತೊಳೆದು, ಸರಿಯಿಲ್ಲವೆಂದು ಗೊತ್ತಾಗುವಷ್ಟರಲ್ಲಿ ಬಿಸಿಲು ಉಳಿದಿರುವುದಿಲ್ಲ. ಮಾರನೆಯ ದಿನವೇ ಅವರು ಆಸ್ಪತ್ರೆಗೆ ಸೇರಬೇಕು. ಹೆಂಚು ಮುಚ್ಚಿ, ಬಾಗಿಲೆಳೆದು, ಸಂದುಗಳಿಗೆ ಗೋಣಿಚೀಲ ತುರುಕಿದರೆ ಬ್ಯಾರನ್ನೇ ಡಾರ್ಕ್‌ರೂಮು. ಅವ್ವ ಹೊರಗೆ ಹೋಗುವುದಿಲ್ಲ ಅಂದರು. ಕೆಂಪು ದೀಪದಲ್ಲಿ ಅವರ ಪಕ್ಕ ನೆಲದ ಮೇಲೆ ಟ್ರೇಗಳನ್ನಿಟ್ಟು ಕೂತೆ. ಮೊದಲು ಕಪ್ಪು ಬಿಳುಪು ಅದಲುಬದಲಾದ ಚಿತ್ರ ಬಂತು, ಅದುರಿರಲಿಲ್ಲ. ಅದನ್ನು ತೊಳೆದು ಒರೆಸಿ, ಇನ್ನೊಂದು ಕಾಗದದ ಮೇಲಿಟ್ಟು ಗಾಜಿನಿಂದ ಒತ್ತಿ, ಟಾರ್ಚಿನ ಬೆಳಕು ತಾಗಿಸಿ ಟ್ರೇಗೆ ಹಾಕಿದೆ. ಬಿಳಿ ಕಾಗದದಲ್ಲಿ ಮೊದಲು ಕಣ್ಣುಗಳು ಬಂದವು, ಆಮೇಲೆ ಸೀರೆಯ ಅಂಚು, ಕೆನ್ನೆ, ವಿಭೂತಿಯ ಸುತ್ತ ಹಣೆ. ಕೊನೆಗೆ ಹಿಂದಿನ ಗೋಡೆ ಕಪ್ಪಾಗುತ್ತ ಹೋದ ಹಾಗೆ ಚಂದ್ರ ಎದ್ದ.

ಅವ್ವ ಟ್ರೇಯ ಮೇಲೆ ಬಗ್ಗಿ ನೋಡಿದರು. "ಬುಟ್ಟೋಗಿದ್ ಸಾಲ್ಗೆ ಬಂದು ಸೇರ್ಕಂಡೆ" ಅಂದರು. ದ್ರಾವಣದಲ್ಲಿ ನೆಂದಿದ್ದ ನನ್ನ ಕೈ ಹಿಡಿದು ತಮ್ಮ ಕಣ್ಣಿಗೊತ್ತಿಕೊಂಡರು.

ಭಾನುವಾರ ಮಗ ಬಂದು ಚೌಕಟ್ಟು ಹಾಕಿಸಿದ ಫೋಟೊ ತೆಗೆದುಕೊಂಡು ಹೋದ. ಸೋಮವಾರ ಇಡೀ ದಿನ ಫೋನ್ ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಸಂಜೆ ಅವನ ಕರೆ ಬಂತು. "ಆಯ್ತು ಸಾ. ಎಚ್ರ ಆಗೈತೆ" ಅಂದು ಫೋನಿಟ್ಟ.

ಯುಗಾದಿ ಕಳೆದ ಮೇಲೆ ಒಂದು ದಿನ ಅವ್ವ ಸ್ಟುಡಿಯೊ ಮೆಟ್ಟಿಲು ಹತ್ತಿ ಬಂದರು. ಗುರುತು ಸಿಗಲು ನನಗೆ ಒಂದು ಕ್ಷಣ ಬೇಕಾಯಿತು. ಎಡಗೆನ್ನೆ ಒಳಗೆ ಹೋಗಿ ಬಾಯಿ ಒಂದು ಕಡೆಗೆ ಎಳೆದಿತ್ತು, ಕಿವಿಯ ಕೆಳಗಿನಿಂದ ಗಲ್ಲದವರೆಗೆ ಹೊಲಿಗೆಯ ಗುರುತು. ಮಾತು ತೊದಲಾಗಿತ್ತು, ಅರ್ಥವಾಗದಿದ್ದಲ್ಲಿ ಮಗ ಬಿಡಿಸಿ ಹೇಳುತ್ತಿದ್ದ.

"ಇನ್ನೊಂದ್ ತೆಗಿ" ಅಂದರು ಕೂರುತ್ತ.

ನಾನು ಮರದ ಕ್ಯಾಮೆರಾದ ಕಡೆ ನಡೆದೆ. ಬೆಳಿಗ್ಗೆ ಬ್ಯಾರನ್ನಿಗೇ ಬರುತ್ತೇನೆ, ಅಲ್ಲಾದರೆ ಚಂದ್ರ ಬೀಳುತ್ತಾನೆ ಎಂದು ಹೇಳತೊಡಗಿದೆ.

ಅವ್ವ ಕೈಯಾಡಿಸಿದರು. "ಚಂದ್ರ ಬ್ಯಾಡ. ಮೊಕ ಸಂದಾಗ್ ಕಾಣ್ಲಿ. ಒಲ್ಗೆ ಗುರ್ತೂ ಕಾಣ್ಲಿ." ಸ್ವಲ್ಪ ಸುಧಾರಿಸಿಕೊಂಡು ಮುಂದುವರಿಸಿದರು, "ಮನೆಗಲ್ಲ. ನಿನ್ ಅಂಗ್ಡಿ ಮುಂದ್ಕೆ. ರೋಡಿಗ್ ಕಾಣಂಗಾಕು. ಆಸ್ಪತ್ರೇಲಿ ನನ್ ಪಕ್ಕದ್ ಮಂಚ್ದವ್ಳು ಮೊಕ ಓಯ್ತದೆ ಅಂತ ಎದ್ರುಕಂಡು ಆಪ್ರೇಸನ್ನೇ ಬ್ಯಾಡ ಅಂತ ಮನೆಗೊಂಟೋದ್ಲು ಕಣಪ್ಪ. ಅಂತೋರು ನೋಡ್ಲಿ. ಮೊಕ ಓದ್ರೂ ಮನ್ಸ ಇರ್ತನೆ ಅಂತ ಗೊತ್ತಾಗ್ಲಿ."

ದೀಪಗಳನ್ನೆಲ್ಲ ಹಚ್ಚಿ, ಇದ್ದುದರಲ್ಲಿ ಅತ್ಯಂತ ಚೂಪಾದ ಹೊಸ ಲೆನ್ಸು ಹಾಕಿ ತೆಗೆದೆ. ಅವ್ವ ನೇರ ನೋಡಿದರು. ಶೋಕೇಸಿನಲ್ಲಿದ್ದ ಮದುಮಕ್ಕಳ ಫೋಟೊ ತೆಗೆದು ಅದೇ ಜಾಗಕ್ಕೆ ಅವರ ಫೋಟೊ ಹಾಕಿದೆ. ಮದುವೆ ಆರ್ಡರಿಗೆ ಬಂದವರಲ್ಲಿ ಒಬ್ಬಿಬ್ಬರು ಮುಖ ಸಿಂಡರಿಸಿದ್ದುಂಟು. ಹೆಂಡತಿಯೇ ಅವರಿಗೆ ಉತ್ತರ ಕೊಡುತ್ತಾಳೆ.

ಮೊನ್ನೆ ಒಬ್ಬರು ಗಾಜಿನ ಹೊರಗೆ ಬಹಳ ಹೊತ್ತು ನಿಂತಿದ್ದರು. ಕೈಯಲ್ಲಿ ಆಸ್ಪತ್ರೆಯ ಕವರ್ ಇತ್ತು. ತಮ್ಮ ಗಲ್ಲವನ್ನು ಒಮ್ಮೆ ಸವರಿಕೊಂಡು ಒಳಗೆ ಬಂದರು.

"ಆ ಫೋಟದಲ್ಲಿರೋ ಅವ್ವ ಈಗ ಎಂಗವ್ರೆ?"

"ಚೆನ್ನಾಗವ್ರೆ" ಅಂದೆ. "ಕೂತ್ಕೊಳಿ, ಫೋನ್ ಹಚ್ಚಿ ಕೊಡ್ತೀನಿ. ಅವರ ಹತ್ರಾನೇ ಮಾತಾಡಿ."